ಕೆಂಪಾಗದ ಹಿಮ್ಮಡಿ

ನರ್ಸಿಂಗ್ ಕಾಲೇಜಿನ ಟೀಚರಮ್ಮನಿಗೆ ಕೋಪ ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಆ ಬೆಳಿಗ್ಗೆ ಅದು ಪಾತಾಳ ಮುಟ್ಟಿತ್ತು.

"ಹನ್ನೊಂದನೇ ಹಾಸಿಗೆಯ ಚಾರ್ಟು ಬರ್ದಿದ್ದು ಯಾರು?"

ವಾರ್ಡಿನಲ್ಲಿ ನಿಂತಿದ್ದ ಆರು ವಿದ್ಯಾರ್ಥಿನಿಯರಲ್ಲಿ ಎಲ್ಲರೂ ಗುಬ್ಬಿ ಎಂದು ಕರೆಯುವವಳು ಕೈ ಎತ್ತಿದಳು.

ಹನ್ನೊಂದನೇ ಹಾಸಿಗೆಯಲ್ಲಿ ಸೊಂಟ ಮುರಿದು ಮಲಗಿದ್ದವಳು ಇದೇ ಆಸ್ಪತ್ರೆಯ ಕಸ ಗುಡಿಸುವ ಅಜ್ಜಿ. ಬಾಣಲೆಯ ತಳದಂಥ ಕಪ್ಪು ಮೈ. ಮೂರು ದಿನವೂ ಅವಳ ಚಾರ್ಟಿನಲ್ಲಿ ಒಂದೇ ಸಾಲು: ‘ಹಿಮ್ಮಡಿ ಕೆಂಪಾಗಿಲ್ಲ, ಚರ್ಮ ಸರಿಯಿದೆ.’ ನಾಲ್ಕನೇ ದಿನ, ಅಲುಗದೆ ಮಲಗಿ ಒತ್ತಡಕ್ಕೆ ಹುಣ್ಣಾಗಿದ್ದ ಬಲ ಹಿಮ್ಮಡಿ ಒಡೆದು ಹಾಸಿಗೆ ಒದ್ದೆಯಾಯಿತು. ಪಕ್ಕದ ಹಾಸಿಗೆಯ ಬಿಳಿ ತೊಗಲಿನ ಹೆಂಗಸಿನ ಹಿಮ್ಮಡಿ ಕೆಂಪಾದದ್ದು ಮೊದಲ ದಿನವೇ ಕಂಡಿತ್ತು. ಆಕೆಯ ಕಾಲ ಕೆಳಗೆ ದಿಂಬೂ ಬಂದಿತ್ತು.

"ಪುಸ್ತಕದಲ್ಲಿ ಕೆಂಪು ನೋಡಿ ಅಂತಿದೆ, ಟೀಚರ್. ನೋಡ್ದೆ. ಇರ್ಲಿಲ್ಲ."

"ಕಪ್ಪು ಮೈ ಕೆಂಪಾಗುತ್ತೇನೇ? ನನ್ ಕೈ ನೋಡು. ಇಂಥದ್ದೊಂದು ಕೈ ಇದ್ಯಾ ನಿಮ್ಮ ಪುಸ್ತಕದ ಚಿತ್ರದಲ್ಲಿ?"

ಅಷ್ಟರಲ್ಲಿ ಮೇಟ್ರನ್ ಒಂದು ಕಾಗದ ತಂದರು. ಗಾಯ ಮನೆಯಿಂದಲೇ ಬಂದದ್ದು ಎಂದು ಅದರಲ್ಲಿತ್ತು.

"ಸಹಿ ಹಾಕಿಬಿಡಿ. ಸಂಜೆ ಮನೆಗೆ ಕಳಿಸೋಣ. ಹುಡುಗೀನೂ ಉಳ್ಕೋತಾಳೆ."

"ಮನೆಯಿಂದ ಬಂತಾ? ತವರಿನ ಉಡುಗೊರೆನಾ ಅದು? ಪಕ್ಕದ ಹಾಸಿಗೆಯವ್ರಿಗೆ ಹೀಗಾಗಿದ್ರೆ ಈ ಕಾಗದ ತರ್ತಿದ್ರಾ ನೀವು?"

"ಊಟದ ಹೊತ್ತಿಗೆ ಬರ್ತೀನಿ," ಎಂದು ಮೇಟ್ರನ್ ಕಾಗದವನ್ನು ಮೇಜಿನ ಮೇಲಿಟ್ಟು ಹೋದರು.

ಟೀಚರಮ್ಮ ಹಾಸಿಗೆಯ ಬಳಿ ಬಗ್ಗಿದರು. "ಅಜ್ಜಿ, ಈ ಹುಡುಗೀರು ನಿಮ್ಮ ಎಡಗಾಲು ಮುಟ್ಟಿ ನೋಡ್ಬಹುದಾ?"

"ನೋಡ್ಲಿ ಬಿಡಮ್ಮ. ಇಷ್ಟು ವರ್ಷ ನಾನು ಗುಡಿಸ್ತಾ ಬಂದ್ರೆ ಕಾಲೆತ್ಕೊಂಡು ನಿಂತೋರೇ ಎಲ್ಲ. ನನ್ ಕಾಲು ಮುಟ್ಟೋರೂ ಇದಾರಾ!"

ಒಬ್ಬೊಬ್ಬಳೂ ಅಂಗೈ ಮಗುಚಿ, ಕೈಯ ಹಿಂಬದಿಯಿಂದ ಹಿಮ್ಮಡಿ ಮುಟ್ಟಿದಳು. ಕಣ್ಣಿಗೆ ಏನೂ ಇಲ್ಲ. ಆದರೆ ಸುತ್ತಲಿಗಿಂತ ಬಿಸಿ. ಒತ್ತಿದರೆ ಕಲಸಿದ ಹಿಟ್ಟಿನಂತೆ ಮೆತ್ತಗೆ.

"ಇದೂ ಶುರುವಾಗಿದೆ," ಎಂದಳು ಗುಬ್ಬಿ. ಓಡಿಹೋಗಿ ದಿಂಬು ತಂದು ಕಾಲ ಕೆಳಗಿಟ್ಟಳು.

ಟೀಚರಮ್ಮ ಮತ್ತೆ ಬಾಯಿ ತೆರೆದರು.

"ಆ ಮಗೂನ ಬೈಬೇಡಮ್ಮ," ಎಂದಳು ಅಜ್ಜಿ. "ನೀರು ಕುಡಿಸುವಾಗ ನನ್ ತಲೆ ಎತ್ತಿ ಹಿಡ್ಕೊಂಡಿದ್ದು ಅದೊಂದೇ."

ಬೈಗುಳ ಬಾಯಲ್ಲೇ ಉಳಿಯಿತು, ಕೋಪ ಟೀಚರಮ್ಮನ ಮೇಲೇ ತಿರುಗಿತು. ಇಪ್ಪತ್ತೆರಡು ವರ್ಷ ಇದೇ ಕಪ್ಪು ಕೈಯಿಂದ ಪುಟ ತಿರುವಿ, ‘ಕೆಂಪು ನೋಡಿ’ ಎಂದು ಹೇಳಿಕೊಟ್ಟವರು ಯಾರು? ದೀಪದ ಬುಡದಲ್ಲೇ ಕತ್ತಲು.

ಚಾರ್ಟಿನಲ್ಲಿ ಬರೆದದ್ದನ್ನು ಯಾರೂ ಅಳಿಸುವಂತಿಲ್ಲ; ಕೆಳಗೆ ಸೇರಿಸಬಹುದು, ಅಷ್ಟೇ. ಗುಬ್ಬಿ ಪೆನ್ನು ಹಿಡಿದಳು.

"ನಿಜ ಬರೆದ್ರೆ ನನ್ನನ್ನ ಕಾಲೇಜಿಂದ ತೆಗೀತಾರಾ, ಟೀಚರ್?"

"ತೆಗೀಬಹುದು. ಬರೀದಿದ್ರೆ ಅಜ್ಜೀನ ಇವತ್ತೇ ಆಚೆ ಹಾಕ್ತಾರೆ."

ಗುಬ್ಬಿ ಬರೆದಳು: ‘ಮೂರು ದಿನ ನೋಡಿದೆ, ಮುಟ್ಟಲಿಲ್ಲ. ಗಾಯ ಇಲ್ಲೇ ಆದದ್ದು.’ ಸಹಿ ಹಾಕಿದಳು. ಅದರ ಕೆಳಗೆ ಟೀಚರಮ್ಮ ಒತ್ತಿ ಬರೆದರು: ‘ನಾನು ಕಲಿಸಿರಲಿಲ್ಲ.’

ಊಟದ ಹೊತ್ತಿಗೆ ಬಂದ ಮೇಟ್ರನ್ ಸಹಿಯಿಲ್ಲದ ಕಾಗದ ನೋಡಿದರು, ಚಾರ್ಟು ಓದಿದರು. ತುಟಿ ಬಿಗಿಯಿತು.

"ಇಬ್ರೂ ಆಫೀಸಿಗೆ ಬನ್ನಿ."

"ಬರ್ತೀವಿ," ಎಂದರು ಟೀಚರಮ್ಮ, ಇನ್ನೂ ಇಳಿದ ದನಿಯಲ್ಲೇ. "ಅಜ್ಜಿಗೆ ಮಗ್ಗುಲು ತಿರುಗಿಸೋ ಹೊತ್ತಾಯ್ತು. ಮೊದ್ಲು ನೀವು ಆ ಕಡೆ ಹಿಡ್ಕೊಳ್ಳಿ."