‘ಖಾಡಿ’ಗೆ ಕೊಟ್ಟ ಐದಂಕ

ರೋಶನ್ ಬಂಗೇರನ ಬಲಗೈಯಲ್ಲಿ ತೋರುಬೆರಳೂ ನಡುಬೆರಳೂ ಇಲ್ಲ. ಆರು ವರ್ಷದ ಹಿಂದೆ ಜೋಗೇಶ್ವರಿಯ ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕದಲ್ಲಿ ಮಷಿನ್ ಅವೆರಡನ್ನೂ ತೆಗೆದುಕೊಂಡಿತು. ಮೂರು ತಿಂಗಳ ನಂತರ ಅವನು ಅದೇ ಘಟಕಕ್ಕೆ ಮರಳಿದ. ಮಷಿನ್ ಮೇಲಲ್ಲ, ಸಾಮಾನು ಇಡುವ ಸ್ಟೋರಿಗೆ. ಉಣ್ಣುವುದು, ಬರೆಯುವುದು, ಲೋಕಲ್ ರೈಲಿನಲ್ಲಿ ಕಂಬಿ ಹಿಡಿದು ನಿಲ್ಲುವುದು ಎಲ್ಲವೂ ನಿಧಾನವಾಗಿ ರೂಢಿಯಾದವು. ರೂಢಿಯಾಗದೆ ಉಳಿದದ್ದು ಒಂದೇ, ವಿಡಿಯೊ ಗೇಮ್.

ಶಾಲೆಯ ದಿನಗಳಿಂದಲೂ ಅವನಿಗೆ ಅದರ ಹುಚ್ಚಿತ್ತು. ಕಂಟ್ರೋಲರಿನ ಎದುರುಬದಿಯಲ್ಲಿ, ಎಡಕ್ಕೂ ಬಲಕ್ಕೂ ಎರಡೆರಡು ಗುಂಡಿಗಳಿರುತ್ತವೆ. ಬಲಬದಿಯವನ್ನು ಒತ್ತುವುದು ಅವನಲ್ಲಿ ಇಲ್ಲದ ಆ ಎರಡು ಬೆರಳುಗಳಿಂದಲೇ. ಗುಂಡು ಹಾರಿಸುವುದು, ಗಾಡಿ ಓಡಿಸುವುದು, ಬಿಲ್ಲು ಎಳೆಯುವುದು ಎಲ್ಲವೂ ಬಲಬದಿಯ ಗುಂಡಿಗೇ. ಒಂದು ಹೊಸ ಆಟವನ್ನು ಆಸೆಯಿಂದ ತರಿಸಿ, ಮೊದಲ ಸೇತುವೆಯನ್ನೂ ದಾಟಲಾಗದೆ ಕೂತ ಭಾನುವಾರ ಅವನು ಒಂದು ಇಂಗ್ಲಿಷ್ ವೆಬ್‌ಸೈಟಿನ ವಿಮರ್ಶೆಯ ಕೆಳಗೆ ಉದ್ದನೆಯ ಕಮೆಂಟ್ ಬರೆದ. ‘ನೀವು ಹತ್ತಕ್ಕೆ ಒಂಬತ್ತು ಕೊಟ್ಟಿದ್ದೀರಿ. ನನ್ನ ಕೈಗೆ ಅದು ಸೊನ್ನೆ’ ಎಂದು ಅದರ ಮೊದಲ ಸಾಲು.

ಆ ವೆಬ್‌ಸೈಟಿನ ಸಂಪಾದಕ ಹಿತೇಶ್ ಫೋನು ಮಾಡಿದ. ಹೀಗೆ ‘ಎಂಟು ಬೆರಳು’ ಎಂಬ ಅಂಕಣ ಶುರುವಾಯಿತು. ಹೊಸ ಆಟವನ್ನು ಎಲ್ಲರಂತೆ ವಿಮರ್ಶಿಸಿ ಕೊನೆಯಲ್ಲಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವುದು. ಜೊತೆಗೆ ಕೈ ಸರಿಯಿಲ್ಲದವರು ಅದನ್ನು ಆಡಬಹುದೇ ಎಂದು ಹೇಳುವುದು. ರೋಶನ್ ಖಡಾಖಂಡಿತವಾಗಿ ಬರೆಯುತ್ತಿದ್ದ. ದೊಡ್ಡ ದೊಡ್ಡ ಆಟಗಳಿಗೆ ನಾಲ್ಕು, ಮೂರು ಕೊಟ್ಟದ್ದುಂಟು. ಅಂಕಣಕ್ಕೆ ಓದುಗರು ಸೇರಿದರು.

ಕಳೆದ ವರ್ಷ ಅವನಿಗೆ ಯಕ್ಷಿತಾ ಎಂಬ ಹುಡುಗಿಯ ಮೇಲ್ ಬಂತು. ಗೋರೆಗಾಂವಿನಲ್ಲಿ ನಾಲ್ಕು ಜನ ಸೇರಿ ಆಟ ಮಾಡುತ್ತಿದ್ದೇವೆ, ಹೆಸರು ‘ಖಾಡಿ’, ನೀವು ಬಂದು ನೋಡಬೇಕು ಎಂದು. ಶನಿವಾರ ಮಧ್ಯಾಹ್ನ ಘಟಕ ಮುಚ್ಚಿದ ಮೇಲೆ ಅವನು ಹೋದ. ಒಂದು ಹಳೆಯ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಒಂದೇ ಕೋಣೆ. ಯಕ್ಷಿತಾಳಿಗೆ ಇಪ್ಪತ್ತಾರು ಇರಬಹುದು. ಅಜ್ಜನ ಊರು ಕಾಪು, ಅವಳು ಹುಟ್ಟಿ ಬೆಳೆದದ್ದು ಇಲ್ಲೇ.

ಆಟ ಸರಳವಾಗಿತ್ತು. ಮಂಜು ಕವಿದ ಖಾಡಿಯಲ್ಲಿ, ಎಂದರೆ ಸಮುದ್ರ ಒಳಚಾಚಿದ ಹಿನ್ನೀರಿನಲ್ಲಿ, ಒಬ್ಬ ಹೆಂಗಸು ದೋಣಿ ನಡೆಸುತ್ತಾಳೆ, ಜನರನ್ನು ಆಚೆ ದಡಕ್ಕೆ ಮುಟ್ಟಿಸುತ್ತಾಳೆ. ಎಡಗುಂಡಿ ಒತ್ತಿದರೆ ಎಡ ಹುಟ್ಟು, ಬಲಗುಂಡಿ ಒತ್ತಿದರೆ ಬಲ ಹುಟ್ಟು.

ರೋಶನ್ ಒತ್ತಿದ. ದೋಣಿ ಇದ್ದಲ್ಲೇ ಗಿರಕಿ ಹೊಡೆಯಿತು.

“ನೋಡಿ, ನನ್ನ ದೋಣಿ ಹೀಗೇ ತಿರುಗುವುದು,” ಎಂದ ಅವನು.

ಯಕ್ಷಿತಾ ನಗಲಿಲ್ಲ. “ಹಾಗಾದ್ರೆ ಎಂತ ಮಾಡ್ಬೇಕು ರೋಶನಣ್ಣ? ನೀವೇ ಹೇಳಿ. ನಾವು ಬದಲ್ ಮಾಡ್ತೇವೆ, ಪಕ್ಕಾ.”

ಅವನು ನಾಲ್ಕು ಶನಿವಾರ ಹೋದ. ಕಂಟ್ರೋಲರಿನ ಎಡಗಡೆಯ ಸ್ಟಿಕ್ ಎಂಬ ಮೋಟು ಕಡ್ಡಿಯೊಂದನ್ನೇ ಹೆಬ್ಬೆರಳಿನಿಂದ ವೃತ್ತಾಕಾರವಾಗಿ ತಿರುಗಿಸಿದರೆ ಎರಡೂ ಹುಟ್ಟುಗಳು ಆಡುವಂತೆ ಮಾಡಿ ಎಂದು ಸೂಚಿಸಿದವನು ಅವನೇ. ಅವರು ಮಾಡಿದರು. ಎರಡನೇ ವಾರ ಅದು ಎಡವಿತು, ನಾಲ್ಕನೇ ವಾರ ದೋಣಿ ನೀರು ಸೀಳಿಕೊಂಡು ಹೋಯಿತು. ಅವನು ನೋಡಿದ್ದು ಮೊದಲ ಅಧ್ಯಾಯ ಮಾತ್ರ. ಉಳಿದ ನಾಲ್ಕು ಇನ್ನೂ ತಯಾರಾಗಿರಲಿಲ್ಲ.

ಈ ವರ್ಷ ಫೆಬ್ರವರಿಯಲ್ಲಿ ಆಟ ಮುಗಿದು ವಿಮರ್ಶೆಗೆ ಬಂತು. ಹಿತೇಶ್ ಅದನ್ನು ರೋಶನ್‌ಗೇ ಕಳಿಸಿದ. ಅವನೂ ಎರಡನೇ ಮಾತಾಡದೆ ತೆಗೆದುಕೊಂಡ.

ಮೊದಲ ಎರಡು ಅಧ್ಯಾಯ ಅವನು ಖುಷಿಯಿಂದ ಆಡಿದ. ಮೂರನೆಯದು ಬಂತು. ಈ ದಡದಿಂದ ಉಪ್ಪಿನ ಮೂಟೆ, ಆ ದಡದಿಂದ ಸೌದೆ. ಮತ್ತೆ ಉಪ್ಪು, ಮತ್ತೆ ಸೌದೆ. ಹೆಂಗಸು ಮಾತಾಡುವುದಿಲ್ಲ, ದೋಣಿಯಲ್ಲಿ ಕೂತವರೂ ಮಾತಾಡುವುದಿಲ್ಲ. ಎರಡು ಗಂಟೆ ಕಳೆದರೂ ಅದೇ ಮಂಜು. ನಾಲ್ಕನೆಯದೂ ಹೆಚ್ಚು ಬೇರೆಯಾಗಿರಲಿಲ್ಲ. ಕೊನೆಯದು ಚೆನ್ನಾಗಿತ್ತು, ಆದರೆ ಅಷ್ಟು ಹೊತ್ತಿಗೆ ಅವನಿಗೆ ದೋಣಿಯ ಸಹವಾಸವೇ ಸಾಕಾಗಿತ್ತು.

ಅವನಿದ್ದದ್ದು ಪಾರ್ಲೆಯಲ್ಲಿ, ಅಣ್ಣ ಪ್ರೀತಮ್‌ನ ಮನೆಯಲ್ಲಿ. ಅಣ್ಣ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವನು, ಮನೆಗೆ ಬರುವುದೇ ತಡ. ಇಂಥ ವಿಷಯಗಳನ್ನು ರೋಶನ್ ಹೇಳಿಕೊಳ್ಳುತ್ತಿದ್ದದ್ದು ಅತ್ತಿಗೆ ಲಾವಣ್ಯಾಳ ಹತ್ತಿರ. ಬೆಳಿಗ್ಗೆ ಅವಳು ಬಸಳೆ ಸೋಸುತ್ತಿದ್ದಾಗ ಹೇಳಿದ.

“ಎಷ್ಟು ಕೊಡ್ತೀಯ?” ಅವಳು ಕೇಳಿದಳು.

“ಐದು.”

“ಐದಾ? ಆ ಹುಡುಗಿ ನಿನ್ನ ಕೈಗೆ ಅಂತ ಅಷ್ಟು ಮಾಡಿದ್ದಾಳೆ. ಎಂಟು ಕೊಡು ಮಾರಾಯ. ನಿನ್ನ ಗಂಟೇನು ಹೋಗ್ತದೆ?”

“ಕೈಗೆ ಬೇಕಾದ್ರೆ ಹತ್ತು ಕೊಡ್ತೇನೆ ಅತ್ತಿಗೆ. ಆಟ ಬೋರ್ ಉಂಟು. ಅಯ್ಯೋ ಪಾಪ ಅಂತ ಎಂಟು ಬರೆದ್ರೆ ನಾಳೆ ನನ್ನನ್ನು ಯಾರು ನಂಬ್ತಾರೆ?”

“ಹಾಗಾದ್ರೆ ಐದೇ ಬರಿ,” ಎಂದಳು ಅವಳು. “ಆಮೇಲೆ ಬೇಜಾರು ಮಾಡ್ಕೊಂಡು ಕೂರ್ಬೇಡ.”

ಅವನು ಐದೇ ಬರೆದ. ಒಂಟಿ ಕೈಯಲ್ಲಿ ಆಡಲು ಇಷ್ಟು ಅಚ್ಚುಕಟ್ಟಾದ ಆಟವನ್ನು ತಾನು ನೋಡಿಲ್ಲವೆಂದೂ ಬರೆದ. ಅದನ್ನು ಯಾರೂ ಓದಲಿಲ್ಲ. ಕೆಳಗಿದ್ದ ದೊಡ್ಡ ಅಂಕಿಯನ್ನು ಎಲ್ಲರೂ ಓದಿದರು.

ವಿಮರ್ಶೆ ಪ್ರಕಟವಾದ ಒಂದು ಗಂಟೆಗೆ ಯಕ್ಷಿತಾಳ ಫೋನು ಬಂತು. ಅವನು ಸ್ಟೋರಿನಲ್ಲಿದ್ದ.

“ರೋಶನಣ್ಣ, ಐದು? ಮತ್ಲಬ್, ಅಂದ್ರೆ... ಐದು?”

“ಓದಿದಿರಾ ಪೂರ್ತಿ?”

“ಓದಿದೆ. ನಾವು ನಾಲ್ಕು ವಾರ ಆ ಒಂದು ಹುಟ್ಟಿನ ಮೇಲೆ ಕೆಲಸ ಮಾಡಿದ್ದೇವೆ. ನಿಮಗೋಸ್ಕರ. ಬೇರೆ ಯಾರೂ ಕೇಳ್ಲಿಲ್ಲ ಅದನ್ನು. ನೀವು ಕೇಳಿದ್ದು.”

“ಹುಟ್ಟು ಚೆನ್ನಾಗಿದೆ ಅಂತಲೇ ಬರೆದಿದ್ದೇನಲ್ಲ.”

“ಬೋರ್ ಅಂತ ಆವಾಗಲೇ ಹೇಳ್ಬಹುದಿತ್ತು,” ಎಂದು ಫೋನಿಟ್ಟಳು.

ಆವಾಗ ಮೂರನೇ ಅಧ್ಯಾಯವೇ ಇರಲಿಲ್ಲ ಎಂಬ ಉತ್ತರ ಅವನ ಬಾಯಿಗೆ ಬರುವಷ್ಟರಲ್ಲಿ ಲೈನು ಕಟ್ಟಾಗಿತ್ತು. ಸಂಜೆಯ ಹೊತ್ತಿಗೆ ಓದುಗರೂ ಶುರು ಮಾಡಿದರು. ಇವನಂಥವರಿಗೆಂದು ಆಟ ಮಾಡಿದವರಿಗೇ ದ್ರೋಹ ಬಗೆದವನು ಎಂದ ಒಬ್ಬ. ಎಂಟು ಬೆರಳಿದ್ದವನಿಗೆ ಹತ್ತಕ್ಕೆ ಎಣಿಸಲು ಬರುವುದಿಲ್ಲ ಎಂದ ಇನ್ನೊಬ್ಬ. ಅದಕ್ಕೆ ನಾನೂರು ಜನ ನಕ್ಕಿದ್ದರು. ರೋಶನ್ ಎಲ್ಲವನ್ನೂ ಓದಿದ. ಅತ್ತಿಗೆ ಬೇಡವೆಂದರೂ ಮರುದಿನ ಮತ್ತೆ ಓದಿದ.

ಮೂರನೇ ದಿನ ಕನ್ನಡದಲ್ಲಿ ಒಂದು ಮೇಲ್ ಬಂತು. ‘ನಿನ್ನ ಅಡ್ಡಹೆಸರು ನೋಡಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿವೃತ್ತ ಗಣಿತದ ಟೀಚರು. ಐದು ವರ್ಷದ ಹಿಂದೆ ಸ್ಟ್ರೋಕ್ ಆಗಿ ಬಲಗೈ ಹೆಚ್ಚು ಕಡಿಮೆ ಹೋಗಿದೆ. ಖಾಡಿಗೆ ನಾನು ಹತ್ತಕ್ಕೆ ಹತ್ತು ಕೊಡುತ್ತೇನೆ. ಯಾಕೆಂದು ತಿಳಿಯಬೇಕಿದ್ದರೆ ಗೋರೆಗಾಂವಿಗೆ ಬಾ. ವಿನೋದಿನಿ.’

ಅವನು ಆ ಭಾನುವಾರ ಬೆಳಿಗ್ಗೆ ಹೋದ. ವಿನೋದಿನಿ ಟೀಚರಿಗೆ ಅರವತ್ತರ ಆಸುಪಾಸು. ಮಂಡ್ಯದ ಕಡೆಯವರು, ಮದುವೆಯಾಗಿ ಬಂದು ಇಲ್ಲಿನ ಒಂದು ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವರು. ಶಾಲೆಗೆ ಮೊದಲ ಕಂಪ್ಯೂಟರ್ ಬಂದಾಗ, ಅದನ್ನು ಕಲಿಯಲೆಂದು ಆಟದಿಂದ ಶುರುಮಾಡಿ, ಆಮೇಲೆ ಆಟವನ್ನು ಬಿಡಲೇ ಇಲ್ಲವಂತೆ. ಅವರ ಗಂಡ ವಸಿಷ್ಠ ಕಾಫಿ ತಂದಿಟ್ಟು ಪೇಪರು ಹಿಡಿದು ಬಾಲ್ಕನಿಗೆ ಹೋದರು.

“ನೋಡಪ್ಪ,” ಎಂದರು ಟೀಚರು, “ಮೂರನೇ ಅಧ್ಯಾಯ ಬೋರು. ನೀನು ಬರ್ದಿದ್ದು ಸರಿ.”

“ಮತ್ತೆ ಹತ್ತು ಯಾಕೆ ಟೀಚರ್?”

“ಐದು ವರ್ಷದಿಂದ ಯಾವ ಆಟಾನೂ ನಂಗೆ ಬೋರೇ ಆಗಿರ್ಲಿಲ್ಲ. ಯಾಕೆ ಹೇಳು? ಬೋರಾಗೋಷ್ಟು ದೂರ ನಾನು ಹೋಗ್ತಾನೇ ಇರ್ಲಿಲ್ಲ. ಮೊದಲನೇ ಗೇಟಿನಲ್ಲೇ ಕೈ ಕೊಡ್ತಿತ್ತು. ಇದ್ರಲ್ಲಿ ಮೂರನೇ ಅಧ್ಯಾಯಕ್ಕೆ ಬಂದೆ, ಆಕಳಿಸಿದೆ, ಇವ್ರನ್ನ ಕರ್ದು ‘ರೀ, ಬೋರಾಗ್ತಿದೆ’ ಅಂದೆ. ಇವ್ರು ಹೆದ್ರಿಕೊಂಡು ಬಂದ್ರು, ಏನಾಯ್ತೋ ಅಂತ.” ಅವರು ನಕ್ಕರು. ಬಾಲ್ಕನಿಯಲ್ಲಿ ಪೇಪರಿನ ಹಿಂದೆ ವಸಿಷ್ಠರೂ ನಕ್ಕಂತೆ ಕೇಳಿಸಿತು.

ರೋಶನ್‌ಗೆ ನಗು ಬರಲಿಲ್ಲ. ತನ್ನ ಮೊದಲ ಭಾನುವಾರ ನೆನಪಾಯಿತು, ದಾಟಲಾಗದ ಸೇತುವೆ. ಇಷ್ಟು ವರ್ಷ ಅಂಕ ಕೊಟ್ಟು ಕೊಟ್ಟು ಅವನು ದಾಟಲಾಗದವರ ಕಡೆಯಿಂದ ಅಂಕ ಹಾಕುವವರ ಕಡೆಗೆ ಬಂದುಬಿಟ್ಟಿದ್ದ. ಅವನು ಆ ಹುಟ್ಟು ಹೇಗೆ ಬಂತೆಂದು ಹೇಳತೊಡಗಿದ. ಶನಿವಾರಗಳು, ಗಿರಕಿ ಹೊಡೆದ ದೋಣಿ, ಎಡವಿದ ಎರಡನೇ ವಾರ.

ಟೀಚರು ಕಾಫಿ ಲೋಟ ಕೆಳಗಿಟ್ಟರು. “ಅಂದ್ರೆ ಈ ಹುಟ್ಟು ನೀನು ಹೇಳ್ಕೊಟ್ಟಿದ್ದಾ?”

“ಹೌದು.”

“ಅದನ್ನ ವಿಮರ್ಶೇಲಿ ಬರ್ದಿದೀಯಾ?”

ಅವನು ಬರೆದಿರಲಿಲ್ಲ. ಬರೆಯಬೇಕೆಂದು ತೋಚಿಯೂ ಇರಲಿಲ್ಲ. ಅಂಕ ಕಡಿಮೆ ಕೊಟ್ಟವನ ಮೇಲೆ ಪಕ್ಷಪಾತದ ಗುಮಾನಿ ಯಾರಿಗೆ ಬರುತ್ತದೆ?

“ನಾನು ಬೋರ್ಡ್ ಪರೀಕ್ಷೆ ಪೇಪರ್ ತಿದ್ದೋಕೆ ಹೋಗ್ತಿದ್ದೆ,” ಎಂದರು ಟೀಚರು. “ನಮ್ಮ ಶಾಲೆ ಮಕ್ಕಳ ಪೇಪರ್ ನಂಗೆ ಬರ್ತಿರ್ಲಿಲ್ಲ. ಜಾಸ್ತಿ ಹಾಕಿಬಿಡ್ತೀನಿ ಅಂತ ಮಾತ್ರ ಅಲ್ಲ. ಕೆಲವರು ತಮ್ಮ ಮಕ್ಕಳಿಗೇ ಕಡಿಮೆ ಹಾಕ್ತಾರೆ, ನಾನು ಎಷ್ಟು ಸ್ಟ್ರಿಕ್ಟು ಅಂತ ತೋರಿಸ್ಕೊಳ್ಳೋಕೆ. ನೀನು ಐದು ಹಾಕಿದ್ಯಲ್ಲ, ಅದು ಎಂಥ ಐದು?”

ಆಟ ಬೋರಾದದ್ದು ನಿಜ. ತಾನು ಯಾರ ಹಂಗಿನಲ್ಲೂ ಇಲ್ಲವೆಂದು ಅತ್ತಿಗೆಗೆ, ಓದುಗರಿಗೆ, ಎಲ್ಲರಿಗೂ ತೋರಿಸಬೇಕೆನಿಸಿದ್ದೂ ನಿಜ. ಬೇರೆಯವರ ಆಟವಾಗಿದ್ದರೆ ಆರು ಕೊಡುತ್ತಿದ್ದನೋ ಏನೋ.

ಸೋಮವಾರ ಅವನು ಹಿತೇಶ್‌ಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ. ಹಿತೇಶ್ ರೇಗಿದ.

“ಭಾಯ್, ಇದನ್ನ ಮೊದಲೇ ಹೇಳೋದಲ್ವಾ? ಬೇರೆಯವರಿಗೆ ಕೊಡ್ತಿದ್ದೆ.”

“ತಪ್ಪಾಯ್ತು. ಮೇಲೆ ಒಂದು ಸಾಲು ಹಾಕು, ನಾನು ಈ ಆಟಕ್ಕೆ ಸಲಹೆ ಕೊಟ್ಟಿದ್ದೆ ಅಂತ. ಅಂಕ ತೆಗೆದುಬಿಡು.”

“ಅಂಕ ಇಲ್ದಿದ್ರೆ ಯಾರು ಓದ್ತಾರೆ?”

“ಇದ್ದಾಗಲೂ ಓದಿಲ್ಲ,” ಎಂದ ರೋಶನ್.

ಹಿತೇಶ್ ಸಾಲು ಹಾಕಿದ, ಅಂಕ ತೆಗೆದ. ಆಟವನ್ನು ಆಫೀಸಿನ ಶ್ರೀಶೈಲ ಎಂಬವನಿಗೆ ಕೊಟ್ಟು ಇನ್ನೊಂದು ವಿಮರ್ಶೆ ಬರೆಸಿದ. ಶ್ರೀಶೈಲ ಎರಡೂ ಕೈಯಲ್ಲಿ ಆಡಿದ, ಮೂರನೇ ಅಧ್ಯಾಯ ಎಳೆದಂತಿದೆ ಎಂದ, ಆರು ಕೊಟ್ಟ. ಅವನನ್ನು ಯಾರೂ ಬೈಯಲಿಲ್ಲ.

ಯಕ್ಷಿತಾಳಿಗೆ ರೋಶನ್ ಮೂರು ಸಲ ಫೋನು ಮಾಡಿದ. ಎತ್ತಲಿಲ್ಲ. ಮಾರ್ಚ್ ಕೊನೆಯಲ್ಲಿ ಅವಳೇ ಕರೆದಳು. ಅದೇ ಕೋಣೆ. ನಾಲ್ವರಲ್ಲಿ ಒಬ್ಬ ಬೇರೆ ಕಂಪನಿಗೆ ಹೋಗಿದ್ದ. ಉಳಿದ ಮೂವರು ಹೊಸದೇನನ್ನೋ ಮಾಡುತ್ತಿದ್ದರು. ಇವನು ಬಂದೊಡನೆ ಯಕ್ಷಿತಾ ಕಂಪ್ಯೂಟರಿನ ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿದಳು.

“ಆ ಸಾಲು ನೋಡಿದೆ,” ಎಂದಳು. “ಹಾಕುವ ಅಗತ್ಯ ಇರ್ಲಿಲ್ಲ.”

“ಇತ್ತು. ನಾನು ಆ ಆಟಕ್ಕೆ ಅಂಕ ಕೊಡಲೇಬಾರದಿತ್ತು. ಅದಕ್ಕೆ ನಿಮ್ಮ ಕ್ಷಮೆ ಕೇಳ್ಬೇಕು. ಬೋರ್ ಅಂದದ್ದಕ್ಕೆ ಅಲ್ಲ.”

ಅವಳ ಮುಖದಲ್ಲಿ ಕಿರುನಗೆ ಸುಳಿದು ಹೋಯಿತು. “ಮೂರನೇ ಅಧ್ಯಾಯ ಮೊದಲು ಇಪ್ಪತ್ತೇ ನಿಮಿಷ ಇತ್ತು, ಗೊತ್ತುಂಟಾ? ಆಟ ಸಣ್ಣದಾಯ್ತು ಅಂತ ರಿವ್ಯೂದವರು ಅಂಕ ಕತ್ತರಿಸ್ತಾರೆ ಅಂತ ಎಳೆದೆವು. ಎರಡು ಗಂಟೆ ಮಾಡಿದೆವು.”

ಸಣ್ಣದೆಂದು ಅಂಕ ಕತ್ತರಿಸಿದ ವಿಮರ್ಶೆಗಳಲ್ಲಿ ಎರಡು ಮೂರು ರೋಶನ್‌ನವೇ ಇದ್ದವು.

“ಹೊಸ ಆಟಕ್ಕೂ ನಿಮ್ಮ ಕೈ ಬೇಕಿತ್ತು,” ಎಂದಳು ಅವಳು. “ಬರ್ತೀರಾ?”

ಅವನು ದಾರಿಯುದ್ದಕ್ಕೂ ಇದನ್ನೇ ಯೋಚಿಸಿದ್ದ. ಬಂದರೆ ಮುಂದೆ ಅವರ ಬಗ್ಗೆ ಬರೆಯುವಂತಿಲ್ಲ. ಇವರ ಬಳಿ ಹೋದರೆ ನಾಳೆ ಇನ್ನೊಬ್ಬರು ಕರೆಯುತ್ತಾರೆ, ಆಮೇಲೆ ಅಂಕಣವೇ ಇಲ್ಲ. ಅವನಿಗೆ ಬರೆಯುವುದು ಬಿಡಲು ಮನಸ್ಸಿರಲಿಲ್ಲ.

“ನಾನು ಬರುವುದಿಲ್ಲ. ಬೇರೊಬ್ಬರನ್ನು ಕಳಿಸ್ತೇನೆ. ನನಗಿಂತ ಜೋರು.”

ಮುಂದಿನ ಶನಿವಾರ ಅವನು ವಿನೋದಿನಿ ಟೀಚರನ್ನು ರಿಕ್ಷಾದಲ್ಲಿ ಕರೆತಂದ. ಬಿಲ್ಡಿಂಗಿಗೆ ಲಿಫ್ಟ್ ಇರಲಿಲ್ಲ. ಮೂರು ಮಾಳಿಗೆ ಹತ್ತಲು ಹತ್ತು ನಿಮಿಷ ಹಿಡಿಯಿತು. “ಮೊದಲು ಈ ಮೆಟ್ಟಿಲಿಗೆ ಅಂಕ ಹಾಕ್ಬೇಕು,” ಎಂದರು ಟೀಚರು ಏದುಸಿರು ಬಿಡುತ್ತ. ಯಕ್ಷಿತಾ ಕೆಳಗಿಳಿದು ಬಂದು ಅವರ ತೋಳು ಹಿಡಿದಳು. ಒಳಗೆ ಕುರ್ಚಿ ಹಾಕಿ, ಮಡಿಲಲ್ಲಿ ದಿಂಬಿಟ್ಟು, ದಿಂಬಿನ ಮೇಲೆ ಕಂಟ್ರೋಲರ್ ಇಟ್ಟಳು.

ರೋಶನ್ ಬಾಗಿಲ ಹೊರಗೇ ನಿಂತ. ಮುಂದೆ ತಾನೇ ಅಂಕ ಹಾಕಬೇಕಾದ ಹೊಸ ಆಟವನ್ನು ಅವನು ಈಗ ನೋಡುವಂತಿರಲಿಲ್ಲ. ಒಳಗಿನಿಂದ ಗಾಳಿಯ ಸದ್ದು, ಯಾವುದೋ ಹಕ್ಕಿಯ ಸದ್ದು ಕೇಳಿಬಂತು. ಸುಮಾರು ಹೊತ್ತಿನ ಮೇಲೆ ಟೀಚರ ದನಿ.

“ಏನಮ್ಮ, ನಿನ್ನ ಆಟದ ಈ ಮನುಷ್ಯ ಇಷ್ಟೊತ್ತಾದ್ರೂ ಯಾರನ್ನೂ ಮಾತಾಡಿಸ್ಲೇ ಇಲ್ವಲ್ಲ, ಯಾಕೆ?”

ಒಳಗೆ ಕೀಬೋರ್ಡ್ ಒತ್ತುವ ಸದ್ದು ಕೇಳಿಸಿತು, ಯಾರೋ ಅವರ ಮಾತನ್ನು ಬರೆದುಕೊಳ್ಳುತ್ತಿದ್ದರು. ಟೀಚರನ್ನು ಮರಳಿ ಕರೆದೊಯ್ಯಲು ವಸಿಷ್ಠರು ಐದು ಗಂಟೆಗೆ ಬರುವವರಿದ್ದರು. ರೋಶನ್ ಮೆಟ್ಟಿಲಿಳಿದು ಸ್ಟೇಷನ್ ಕಡೆ ನಡೆದ.