ಒಳಲೆಯ ನೀರು

ಗುರುಮಲ್ಲಮ್ಮ ನೀರು ಕುಡಿಯುವುದು ಒಳಲೆಯಲ್ಲಿ. ಮೊಮ್ಮಕ್ಕಳಿಗೆ ಹಾಲು ಕುಡಿಸಿ ಕುಡಿಸಿ ಮೂತಿ ಸೊಟ್ಟಗಾದ ಆ ಪುಟ್ಟ ಬೆಳ್ಳಿಯ ಒಳಲೆಯನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ, ಒಂದೇ ಗುಟುಕನ್ನು ನಾಲಿಗೆಯ ಮೇಲೆ ಬೆಚ್ಚಗಾಗುವವರೆಗೂ ಇರಿಸಿಕೊಳ್ಳುವ ಅವರನ್ನು ಮೊದಲ ಸಲ ಕಂಡವರು ತೀರ್ಥವೆಂದೇ ತಿಳಿದಾರು. ಮೂತ್ರಪಿಂಡಗಳು ಕೈಬಿಟ್ಟ ಮೇಲೆ, ದಿನಕ್ಕೊಂದು ಸಣ್ಣ ಚೊಂಬಿಗಿಂತ ಹೆಚ್ಚು ನೀರು ಕೂಡದೆಂದು ಡಾಕ್ಟರು ಕಟ್ಟುಮಾಡಿದ್ದರು. ಬೆಳಗ್ಗೆ ತುಂಬಿಟ್ಟದ್ದು ಮಲಗುವವರೆಗೆ ಬರಬೇಕು. ಮಾತ್ರೆಗೂ ಅದರಲ್ಲೇ ಪಾಲು.

ಗುಂಡ್ಲುಪೇಟೆ ಕಡೆಯಿಂದ ಕುದೇರಿಗೆ ಸೊಸೆಯಾಗಿ ಬಂದಂದಿನಿಂದಲೂ ಅವರದು ಅಳತೆಯ ಬದುಕು. ಗೋಡೆ ಹಿಡಿದು ನಡೆಯುವ ಈಗಲೂ ಬಾಗಿಲ ರಂಗೋಲಿಯಲ್ಲಿ ಒಂದು ಎಳೆ ಅಂಕುಡೊಂಕಾಗದು. "ಇರ್ಲಿ ಬುಡು" ಎಂಬುದು ಅವರ ಮಾತಿನ ಮುಕ್ತಾಯ. ಉಪ್ಪಿಲ್ಲದ ಅನ್ನಕ್ಕೂ ಅದೇ, ಸೂಜಿ ಚುಚ್ಚುವ ನರ್ಸಿಗೂ ಅದೇ. ಬಾಯಾರಿಕೆಯನ್ನು ಅವರು ಯಾರ ಮುಂದೂ ಆಡಿದವರಲ್ಲ. ಆದರೂ ಗಂಡ ದೊಡ್ಡಮಲ್ಲಪ್ಪ ಹಿತ್ತಿಲಿಗೆ ಹೋಗಿ ನೀರು ಕುಡಿದು, ಮೀಸೆ ಒರೆಸಿಕೊಂಡು ಒಳಬರುತ್ತಿದ್ದರು. ಮನೆಯ ನಾಯಿ ಕೆಂಚ ಜಗಲಿಯ ಬೋಗುಣಿಯಲ್ಲಿ ಲೊಚಲೊಚ ನೆಕ್ಕುವ ಸದ್ದನ್ನು ಮಾತ್ರ ಗುರುಮಲ್ಲಮ್ಮನಿಗೆ ತಾಳಲಾಗಲಿಲ್ಲ. ಒಂದು ದಿನ ಆ ಬೋಗುಣಿಯನ್ನು ಯಾರಿಗೂ ಹೇಳದೆ ಹಿತ್ತಿಲ ಕೊನೆಗೆ ಸಾಗಿಸಿದರು.

ಡಯಾಲಿಸಿಸ್‌ಗಾಗಿ ಅವರನ್ನು ಚಾಮರಾಜನಗರಕ್ಕೆ ಒಯ್ಯುವುದು ಮನೆಯ ಹಳೆಯ ಕಾರು. ಹೋಗುವಾಗ ಬಸ್ಸಾದರೂ ಆದೀತು. ಬರುವಾಗ ನಿಲ್ಲಲು ಕಾಲೇ ಇರುವುದಿಲ್ಲ. ಒಂದು ಸರದಿ ತಪ್ಪಿದರೆ ಎದೆಗೆ ನೀರೇರುತ್ತದೆಂಬುದನ್ನು ಒಮ್ಮೆ ಅನುಭವಿಸಿ ಉಳಿದವರು ಅವರು. ಅಂಥ ಕಾರಿಗೇ ನೀರಿನ ಕಾಯಿಲೆ ಹಿಡಿಯಿತು. ಇಂಜಿನ್ ತಂಪಿಗೆಂದು ತುಂಬಿದ ನೀರು ದಿನದಿನವೂ ಇಳಿಯುತ್ತದೆ. ಬೆಳಗ್ಗೆ ಬಗ್ಗಿ ನೋಡಿದರೆ ಮನೆಯ ಮುಂದೆ ನಿಂತ ಕಾರಿನಡಿಯ ಗಾರೆ ನೆಲ ಒಣಗಿ ಬಿಳುಚಿಕೊಂಡಿರುತ್ತದೆ. ಒಮ್ಮೆ ದಾರಿಯಲ್ಲೇ ಹಬೆ ಎದ್ದು ಕಾರು ನಿಂತಿತು. ಬೇವಿನ ಮರದಡಿ ಅದು ಆರುವವರೆಗೆ ಕಾದು, ಕೊನೆಗೆ ಗುರುಮಲ್ಲಮ್ಮನೇ ಮಡಿಲಲ್ಲಿದ್ದ ತಮ್ಮ ಪಾಲಿನ ಬಾಟಲಿಯನ್ನು ಚಾಚಿದರು.

"ನಿಂಗೆ?" ಎಂದರು ಗಂಡ.

"ನಂದಿರ್ಲಿ ಬುಡಿ. ಅದು ಕುಡುದ್ರೆ ತಾನೆ ನಾನ್ ಬದುಕೋದು?"

ಮೆಕ್ಯಾನಿಕ್ ಮಾದೇಶ್ ಎಲ್ಲ ಪೈಪುಗಳನ್ನೂ ತಡವಿ ನೋಡಿ ತಲೆ ಕೆರೆದುಕೊಂಡ. "ಹೊರ್ಗಡೆ ಸೋರ್ತಿಲ್ಲ ಅಂದ್ರೆ ಒಳ್ಗೇ ಸುಡ್ತಾದೆ ಕಣಣ್ಣೋ. ಇಂಜಿನ್ ಹೆಡ್ ಎತ್ತಿ ನೋಡ್ಬೇಕು. ಒಂದ್ ವಾರ ಗಾಡಿ ಬುಡಿ."

"ವಾರ ಬುಟ್ರೆ ಇವ್ಳನ್ನ ನೀನು ಹೆಗಲ ಮ್ಯಾಲೆ ಒತ್ಕಂಡೋದಿಯೇನ್ಲಾ?"

"ಅಂಗಾರೆ ಬರೀ ನೀರ್ ಬ್ಯಾಡಿ, ಕೂಲೆಂಟ್ ಹಾಕಿ ನೋಡನ," ಎಂದು ಹಸಿರು ದ್ರವ ತುಂಬಿ ಕಳಿಸಿದ.

ಆಮೇಲೆ ಕಾಯಿಲೆ ಬಿದ್ದದ್ದು ಕೆಂಚ. ಹೆಂಡ ಕುಡಿದವನಂತೆ ತೂರಾಡಿತು, ಕಾರಿಕೊಂಡಿತು, ಜಗಲಿಯ ಮೂಲೆಗೆ ಬಂದು ಒರಗಿತು. ಮಾರನೆಯ ದಿನ ಕಂಬದ ಬುಡದಲ್ಲಿ ಕಾಲೆತ್ತಲಿಲ್ಲ. ಹಳಸಿದ್ದೇನೋ ತಿಂದಿದೆ ಎಂದರು ದೊಡ್ಡಮಲ್ಲಪ್ಪ. ಗುರುಮಲ್ಲಮ್ಮ ಅದರ ಮೂತಿಯ ಬಳಿ ಮುಖ ತಂದು ಮೂಸಿದರು: ಕೆಟ್ಟ ದಿನಗಳಲ್ಲಿ ತಮ್ಮ ಬಾಯಿಂದಲೇ ಏಳುವ ಅದೇ ನಾತ.

"ಉಚ್ಚೆ ಕಟ್ಕಂಡದೆ. ಇದ್ಕೂ ನನ್ ಕಾಯಿಲೆನೇಯ."

"ಸರಿ, ನಾಯ್ಗೂ ಡಯಾಲಿಸಿಸ್ ಮಾಡ್ಸನ. ಇಂದ್ಗಡೆ ಸೀಟಲ್ಲಿ ನಿನ್ ಪಕ್ಕ ಕೂರ್ಸ್ಕೊ" ಎಂದು ಗಂಡ ನಕ್ಕರು.

ಕೆಂಚ ಜಗಲಿಯಿಂದ ಏಳಲಾರದೆ ಕಳೆದ ಆ ರಾತ್ರಿಯ ಬೆಳಗ್ಗೆ, ಬಾಗಿಲಿಗೆ ನೀರು ಚಿಮುಕಿಸಲು ಹೊರಬಂದ ಗುರುಮಲ್ಲಮ್ಮನ ಕಣ್ಣಿಗೆ ಕಾರಿನಡಿ ಅಂಗೈಯಗಲದ ಹಸಿರು ಮಡು ಬಿತ್ತು. ಅಂಚಿಗೆಲ್ಲ ಇರುವೆ ಮುತ್ತಿದ್ದವು. ಅವರು ಗಂಡನನ್ನು ಕೂಗಿದರು. ದಾಹದಿಂದ ನಿದ್ದೆ ಹತ್ತದ ಇರುಳುಗಳಲ್ಲಿ ಕಿಟಕಿಯಾಚೆ ಲೊಚಲೊಚ ಸದ್ದು ಕೇಳುತ್ತಲೇ ಇತ್ತು. ಬೋಗುಣಿಯನ್ನು ಹಿತ್ತಿಲಿಗೆ ಸಾಗಿಸಿದ ಮೇಲೂ ಕೇಳುವ ಆ ಸದ್ದು ತಮ್ಮ ಬಾಯಾರಿಕೆಯ ಭ್ರಮೆಯೆಂದೇ ನಂಬಿ, ಹೇಳಿದರೆ ಗಂಡ ನೊಂದಾರೆಂದು ನುಂಗಿಕೊಂಡಿದ್ದರು. ಇಂಜಿನ್ನಿನ ಬಿಸುಪಿಗೆ ಕಾರಿನಡಿ ಮಲಗುತ್ತಿದ್ದ ಕೆಂಚ, ತೊಟ್ಟಿಕ್ಕಿದ್ದನ್ನೆಲ್ಲ ನೆಕ್ಕಿ ನೆಲ ಒಣಗಿಸಿಡುತ್ತಿತ್ತು.

"ನಂಗೆ ಕೇಳುಸ್ತಿತ್ತು ಕಣ್ರೀ, ನೆಕ್ಕೋ ಸದ್ದು. ನಾನೇ ನಿಮ್ಗೇಳ್ಲಿಲ್ಲ" ಎಂದರು, ಓಡಿಬಂದ ಗಂಡನಿಗೆ.

ಮಾದೇಶ್ ಬಂದು ಕಾರಿನಡಿ ತೂರಿ ನೋಡಿದ. ವಾಟರ್ ಪಂಪಿನ ಸೀಲು ಸವೆದು, ಇಂಜಿನ್ ಆರುವ ಹೊತ್ತಿನಲ್ಲಿ ಮಾತ್ರ ತೊಟ್ಟಿಕ್ಕುತ್ತಿತ್ತು. "ಹೆಡ್ ಎತ್ತೋದ್ ಬ್ಯಾಡ, ಸಂಜೆಗೆ ಆಯ್ತದೆ" ಎಂದವನು ನಾಯಿಯತ್ತ ತಿರುಗಿ ದನಿ ತಗ್ಗಿಸಿದ: "ಈ ಹಸಿರು ಸೀ ಇರ್ತದೆ ಕಣವ್ವ. ಹೊಟ್ಟೆಗೋದ್ರೆ ಕಿಡ್ನಿನೇ ಸುಟ್ಟಾಕ್ಬುಡ್ತದೆ. ಬರೀ ನೀರಿದ್ದಾಗ ಇದ್ಕೇನೂ ಆಗಿರ್ನಿಲ್ಲ."

ಹೊಸ ಪಂಪು ಕೂರುವ ಮೊದಲೇ ಕೆಂಚ ಸತ್ತಿತು. ಮರುದಿನ ಕಾರು ಎಲ್ಲೂ ಬಿಸಿಯೇರದೆ ಚಾಮರಾಜನಗರ ತಲುಪಿತು. ಸೂಜಿ ಹಿಡಿದು ಬಂದ ನರ್ಸು ವಾಡಿಕೆಯಂತೆ "ನೋಯ್ತಾ ಅಜ್ಜಿ?" ಎಂದಳು. ಗುರುಮಲ್ಲಮ್ಮ ತೋಳು ಚಾಚಿದರು.

"ನೋಯ್ತದೆ ಕಣವ್ವ. ಯಾವಾಗ್ಲೂ ನೋಯ್ತಿತ್ತು."

ತಮ್ಮ ಸಂಕಟದ ಸದ್ದು ಮನೆಯವರ ಕಿವಿಗೆ ಬೀಳದಂತೆ ಬದುಕಿಬಿಡುವ ಇಂಥ ಜೀವಗಳು ಪ್ರತಿ ಬೀದಿಯಲ್ಲೂ ಇವೆ. ಅದನ್ನು ನಾವು ಸಹನೆಯೆಂದು ಕರೆದು, ಕೈಮುಗಿದು, ನಮ್ಮ ಪಾಡಿಗೆ ನಾವು ಹಿತ್ತಿಲಲ್ಲಿ ನೀರು ಕುಡಿದು ಬರುತ್ತೇವೆ. ಅವರು ನುಂಗಿದ ನೋವಿನ ಜೊತೆಗೆ, ಇನ್ನೊಂದು ಪ್ರಾಣ ಉಳಿಸಬಹುದಾಗಿದ್ದ ಮಾತೂ ಒಳಗೇ ಇಳಿದುಹೋಗಿರುತ್ತದೆ. ಅದು ನಮಗೆ ತಿಳಿಯುವುದು ನೆಲದ ಮೇಲೆ ಕಲೆ ಮೂಡಿದ ಮೇಲೆಯೇ.