ಪೇಯುನ್ ಬಿಟ್ಟ ತೆರಪು

ಫೈಲಿನ ಅವಧಿ ಸೊನ್ನೆ ಎಂದೇ ಕಂಪ್ಯೂಟರು ತೋರಿಸುತ್ತಿತ್ತು. ಆದರೂ ಒತ್ತಿದರೆ ಸಾಕು, ತಂಗಿ ಪೇಯುನ್ ಪರದೆಯ ಮೇಲೆ ಬಂದು ಕೂರುತ್ತಿದ್ದಳು. ಮುಖದ ಅಂಚು ಚೌಕಚೌಕವಾಗಿ ಒಡೆದಿರುತ್ತಿತ್ತು. ಹಿಂದಿನ ಗೋಡೆಯ ಬಣ್ಣ ಒಮ್ಮೊಮ್ಮೆ ಅವಳ ಕೆನ್ನೆಗೆ ಹರಿದು ಬರುತ್ತಿತ್ತು.

ಸೂಚಿನ್‌ಳಿಗೆ ಕಾರಣ ಗೊತ್ತಿತ್ತು. ಚೀನಾದ ಶಾವೊಷಿಂಗ್ ಊರಿನ ಕಾಲುವೆ ದಂಡೆಯಲ್ಲಿ ಅವಳದೊಂದು ಸಣ್ಣ ಸ್ಟುಡಿಯೊ. ಪಾಸ್‌ಪೋರ್ಟಿನ ಚಿತ್ರ, ಸತ್ತವರ ಮುಂದಿಡಲು ದೊಡ್ಡದು ಮಾಡಿದ ಭಾವಚಿತ್ರ, ಇವುಗಳ ನಡುವೆ ಜನ ತಂದುಕೊಡುವ ಹಳೆಯ ವಿಡಿಯೊಗಳನ್ನು ಹೊಸ ಬಗೆಗೆ ಬದಲಾಯಿಸುವುದೂ ಅವಳ ಕೆಲಸವೇ. ಇಂಟರ್ನೆಟ್ ಕೆಫೆಗಳ ಕಾಲದಲ್ಲಿ ನೇರವಾಗಿ ಬಿತ್ತರವಾಗುತ್ತಿದ್ದುದನ್ನು ಬಂದ ಹಾಗೇ ತುಣುಕು ತುಣುಕಾಗಿ ಬರೆದಿಟ್ಟುಕೊಳ್ಳುತ್ತಿದ್ದ ಫೈಲು ಅದು. ಒಟ್ಟು ಎಷ್ಟು ಉದ್ದ ಎಂಬುದನ್ನು ಕೊನೆಗೆ, ಎಲ್ಲ ಮುಗಿದ ಮೇಲೆ ಬರೆಯುತ್ತಿತ್ತು. ಪೇಯುನ್‌ಳ ಬಿತ್ತರ ಮುಗಿದಿರಲಿಲ್ಲ, ನಡುವೆಯೇ ಕಡಿದುಹೋಗಿತ್ತು. ಹಾಗಾಗಿ ಲೆಕ್ಕದಲ್ಲಿ ಅದು ಇನ್ನೂ ನಡೆಯುತ್ತಲೇ ಇತ್ತು.

ಇಷ್ಟು ವರ್ಷ ಅವಳು ಅದನ್ನು ಮುಟ್ಟಿರಲಿಲ್ಲ. ಈಗ ಅಮ್ಮನ ಕಿವಿ ಹೋಗುತ್ತಿತ್ತು. ಚಳಿಗಾಲದ ಹೊತ್ತಿಗೆ ಪೂರ್ತಿ ಮುಚ್ಚುತ್ತದೆ ಎಂದು ವೈದ್ಯರು ಹೇಳಿದ್ದರು.

"ಮುಚ್ಚೋದ್ರೊಳಗೆ ಅವಳ ದನಿ ಒಂದ್ಸಲ ಕೇಳಿಸ್ಬಿಡು. ಆಮೇಲೆ ಕಿವಿ ಇದ್ರೆಷ್ಟು, ಬಿಟ್ರೆಷ್ಟು," ಎಂದಿದ್ದಳು ಅಮ್ಮ.

ಅಮ್ಮನ ಕಿವಿಯ ಯಂತ್ರಕ್ಕೆ ಫೋನಿನಿಂದ ನೇರ ದನಿ ಹೋಗುತ್ತಿತ್ತು. ಆದರೆ ಆ ಹಳೆಯ ಫೈಲು ಯಾವ ಫೋನಿನಲ್ಲೂ ತೆರೆಯುತ್ತಿರಲಿಲ್ಲ. ಬದಲಾಯಿಸದೆ ಬೇರೆ ದಾರಿ ಇರಲಿಲ್ಲ.

ಪಕ್ಕದ ಅಂಗಡಿಯ ಫಾಂಗ್ ಚಿಕ್ಕಮ್ಮ ಹೊಸ್ತಿಲಲ್ಲಿ ಮಣೆ ಹಾಕಿಕೊಂಡು, ಸತ್ತವರಿಗೆ ಸುಡಲು ಬೇಗಡೆ ಕಾಗದದಲ್ಲಿ ಚಿನ್ನದ ಗಟ್ಟಿಯ ಆಕಾರಗಳನ್ನು ಮಡಚುತ್ತಿದ್ದಳು. ಸತ್ತವರು ಮನೆಗೆ ಮರಳುತ್ತಾರೆನ್ನುವ ಏಳನೆಯ ತಿಂಗಳು ಶುರುವಾಗಿತ್ತು.

"ಅಲ್ವೇ ಸೂಚಿನ್, ವರ್ಷವೆಲ್ಲ ಬಿಟ್ಟು ಈ ತಿಂಗಳೇ ಬೇಕಿತ್ತೇನೇ ನಿನಗೆ? ಕರೆದ್ರೆ ಬರೋ ತಿಂಗಳು ಇದು."

"ನಾನು ಯಾರನ್ನೂ ಕರೀತಿಲ್ಲ ಚಿಕ್ಕಮ್ಮ. ಫೈಲು ಬದಲಾಯಿಸ್ತಿದೀನಿ."

"ಏನೋಪ್ಪ. ನೀನು ಓದಿದವಳು, ದೆವ್ವಕ್ಕೂ ಫೈಲು ಅಂತೀಯ," ಎಂದು ಚಿಕ್ಕಮ್ಮ ಉಗುರಿನಿಂದ ಇನ್ನೊಂದು ಮಡಿಕೆ ತೀಡಿದಳು.

ಮೊದಲ ಸಲ ಬದಲಾಯಿಸಿದಾಗ ದನಿ ಮುಂದೆ ಓಡಿತು. ಪೇಯುನ್ ತುಟಿ ಮುಚ್ಚಿ ಕೂತಿದ್ದಳು, ಹಾಡು ಕೇಳಿಸುತ್ತಿತ್ತು. ಹಾಡು ನಿಂತ ಮೇಲೆ ಅವಳ ಬಾಯಿ ತೆರೆದು, ಸದ್ದೇ ಇಲ್ಲದೆ ಬಹಳ ಹೊತ್ತು ಆಡಿತು. ಕಣ್ಣು ನೇರ ಸೂಚಿನ್‌ಳ ಮೇಲೇ ಇತ್ತು. ನಡು ಮಧ್ಯಾಹ್ನ, ಹೊರಗೆ ದೋಣಿಯವನೊಬ್ಬ ಯಾರನ್ನೋ ಬೈಯುತ್ತಿದ್ದ. ಆದರೂ ಸೂಚಿನ್ ಎದ್ದು ಹೋಗಿ ಬಾಗಿಲನ್ನು ಅಗಲವಾಗಿ ತೆರೆದಿಟ್ಟು ಬಂದಳು.

ಅಂದಿನ ಬಡ ಲೈನಿನಲ್ಲಿ ದನಿಯನ್ನು ಮೊದಲು ಕಳಿಸಿ, ಜಾಗ ಉಳಿದರೆ ಚಿತ್ರ ಕಳಿಸುತ್ತಿದ್ದರು. ಪ್ರತಿ ತುಣುಕಿನ ಮೇಲೂ ಅದರ ಹೊತ್ತು ಗುರುತಾಗಿರುತ್ತದೆ. ಆ ಗುರುತನ್ನು ನೋಡದೆ ಜೋಡಿಸಿದ್ದರಿಂದ ಹೀಗಾಗಿತ್ತು. ಅವಳು ಗುರುತಿನ ಪ್ರಕಾರ ಜೋಡಿಸಿದಳು. ತುಟಿಗೆ ದನಿ ಬಂದು ಕೂತಿತು. ಆದರೆ ಈಗ ಅಲ್ಲಲ್ಲಿ ತೆರಪುಗಳು ಬಿದ್ದವು. ಮಾತು ನಿಂತು, ಚಿತ್ರ ಕದಲದೆ, ಪೇಯುನ್ ತಲೆ ಕೊಂಚ ಓರೆ ಮಾಡಿ ಕಾಯುತ್ತಿರುವಂತೆ ಕಾಣುತ್ತಿದ್ದಳು. ಲೈನು ಕೆಟ್ಟ ಜಾಗಗಳು ಎಂದುಕೊಂಡು, ಮದುವೆಯ ವಿಡಿಯೊಗಳಿಗೆ ಮಾಡುವಂತೆಯೇ, ಸೂಚಿನ್ ತೆರಪುಗಳನ್ನೆಲ್ಲ ಮುಚ್ಚಿದಳು.

ಅಮ್ಮ ಅರ್ಧಕ್ಕೇ ಫೋನನ್ನು ಕೆಳಗಿಟ್ಟಳು.

"ಇದು ಅವಳಲ್ಲ."

"ಅಮ್ಮಾ, ಮುಖ ನೋಡು."

"ಮುಖ ಇದೆ. ಅವಳು ಇಷ್ಟು ಅವಸರ ಮಾಡ್ತಿರ್ಲಿಲ್ಲ. ನನಗೆ ಮಾತಾಡೋಕೆ ಜಾಗವೇ ಕೊಟ್ಟಿಲ್ಲವಲ್ಲೇ?"

ಸೂಚಿನ್‌ಳ ಕಣ್ಣಿಗೆ ಅಂದಿನ ಇಂಟರ್ನೆಟ್ ಕೆಫೆ ಕಟ್ಟಿತು. ಪೇಯುನ್ ಆಗ ನಿಂಗ್ಬೊ ನಗರದ ಬಟ್ಟೆ ಕಾರ್ಖಾನೆಯಲ್ಲಿದ್ದಳು. ರಜೆಯ ದಿನ ಗೆಳತಿಯ ಕ್ಯಾಮೆರಾದ ಮುಂದೆ ಕೂತು ತಮ್ಮ ಊರ ಕಡೆಯ ಸಂಗೀತ ನಾಟಕದ ಹಾಡು ಹೇಳುತ್ತಿದ್ದಳು. ಇಲ್ಲಿ ಅಮ್ಮ, ಸಿಗರೇಟು ಹೊಗೆಯ ಹುಡುಗರ ನಡುವೆ ಕೂತು, ಪರದೆಗೆ ಜೋರಾಗಿ ಉತ್ತರ ಕೊಡುತ್ತಿದ್ದಳು. "ಅಜ್ಜೀ, ಅವರಿಗೆ ಕೇಳ್ಸಲ್ಲ!" ಎಂದು ಹುಡುಗರು ನಗುತ್ತಿದ್ದರು. ಕೇಳಿಸುವುದಿಲ್ಲ ಎಂಬುದು ಪೇಯುನ್‌ಳಿಗೂ ಗೊತ್ತಿತ್ತು. ಅಮ್ಮ ಉತ್ತರ ಕೊಟ್ಟೇ ಕೊಡುತ್ತಾಳೆ ಎಂಬುದೂ ಗೊತ್ತಿತ್ತು. ಪ್ರತಿ ಪ್ರಶ್ನೆ ಕೇಳಿದ ಮೇಲೆ ಅಮ್ಮನ ಉತ್ತರಕ್ಕೆಂದು ಅವಳು ಒಂದಿಷ್ಟು ಹೊತ್ತನ್ನು ಬಿಡುತ್ತಿದ್ದಳು. ಸೂಚಿನ್ ಮುಚ್ಚಿದ್ದು ಅದನ್ನೇ. ಬಿಟ್ಟ ಹೊತ್ತೆಲ್ಲ ಅಮ್ಮನದೇ. ಪಕ್ಕದಲ್ಲೇ ಕೂರುತ್ತಿದ್ದ ಅಕ್ಕನನ್ನು ಪೇಯುನ್ ಒಮ್ಮೆಯೂ ಏನನ್ನೂ ಕೇಳಿರಲಿಲ್ಲ.

ಮತ್ತೆ ಬದಲಾಯಿಸಿದಳು, ಈ ಸಲ ತೆರಪುಗಳನ್ನು ಇದ್ದ ಹಾಗೇ ಬಿಟ್ಟು. ಕೊನೆಯದೊಂದೇ ಉಳಿಯಿತು. ಬಿತ್ತರ ಕಡಿದುಹೋದ ಆ ಬಿರುಗಾಳಿಯ ದಿನ ಪೇಯುನ್ ಕೇಳಿದ ಕೊನೆಯ ಪ್ರಶ್ನೆ ಅದು. ಅಮ್ಮ ಕೆಫೆಯಲ್ಲಿ ಎದ್ದು ನಿಂತು, "ಬೇಡ, ಬರಬೇಡ!" ಎಂದು ಕೂಗಿದ್ದಳು. ಫೋನಿಗೆ ಓಡುವಷ್ಟರಲ್ಲಿ ತಂತಿ ಕಡಿದಿತ್ತು. ಪೇಯುನ್ ಹತ್ತಿದ ಬಸ್ಸು ಊರು ಮುಟ್ಟಲಿಲ್ಲ. ಪ್ರಶ್ನೆಯನ್ನು ಕತ್ತರಿಸಲೇ ಎಂದು ಸೂಚಿನ್ ಬೆರಳು ಎರಡು ಸಲ ಹೋಗಿ ಹಿಂದೆ ಬಂತು. ದನಿ ಕೇಳಬೇಕೆಂದವಳು ಅಮ್ಮ. ಅದರಲ್ಲಿ ಎಷ್ಟನ್ನು ಕೊಡಬೇಕು ಎಂದು ತೀರ್ಮಾನಿಸಲು ತಾನು ಯಾರು? ಹಾಗೇ ಬಿಟ್ಟಳು.

ಮರುದಿನ ಊಟವಾದ ಮೇಲೆ ಅಮ್ಮ ಕಿಟಕಿಯ ಪಕ್ಕ ಫೋನನ್ನು ಹಿಡಿದು ಕೂತಳು. ತಾನೂ ಕೇಳಲೆಂದು ಸೂಚಿನ್ ದನಿಯನ್ನು ಹೊರಗೂ ಬಿಟ್ಟಿದ್ದಳು.

"ಅಮ್ಮಾ, ಊಟ ಆಯ್ತಾ?" ಎಂದಳು ಪೇಯುನ್, ತಲೆ ಓರೆ ಮಾಡಿ.

"ಆಯ್ತು ಕಣೇ. ಒಣಸೊಪ್ಪು, ಹಂದಿಮಾಂಸ. ಕಿವಿ ಮಾತ್ರ ಸರಿಯಿಲ್ಲ."

"ಹಾಗಾದ್ರೆ ಜೋರಾಗಿ ಹಾಡ್ತೀನಿ."

ಸೂಚಿನ್‌ಳ ತೋಳಿನ ರೋಮ ಎದ್ದು ನಿಂತಿತು. ಅಂದೂ ಅಮ್ಮ ಕೆಫೆಯ ಗದ್ದಲವನ್ನು ಬೈದಿರಬೇಕು, ಅದನ್ನು ಊಹಿಸಿ ಪೇಯುನ್ ಹಾಗೆ ಹೇಳಿರಬೇಕು. ಅಷ್ಟೇ ಇರಬೇಕು. ಹಾಡು ಬಂತು, ಮತ್ತೆ ಪ್ರಶ್ನೆ, ಮತ್ತೆ ತೆರಪು. ಅಮ್ಮ ಒಂದನ್ನೂ ಖಾಲಿ ಬಿಡಲಿಲ್ಲ. ಉತ್ತರ ಮುಗಿಯುವುದಕ್ಕೂ ಪೇಯುನ್ ಬಾಯಿ ತೆರೆಯುವುದಕ್ಕೂ ಸರಿಹೋಗುತ್ತಿತ್ತು.

"ಅಮ್ಮಾ, ನಾಳೆ ಬರಲಾ?"

ಚಿತ್ರ ನಿಂತಿತು. ಅಮ್ಮ ಈ ಸಲ ಎದ್ದು ಕೂಗಲಿಲ್ಲ.

"ಬಾ," ಎಂದಳು ಮೆಲ್ಲಗೆ. "ಬಾರೇ ತಾಯಿ."

ಇಲ್ಲಿಗೆ ಮುಗಿಯಬೇಕಿತ್ತು. ಹೊಸ ಫೈಲಿಗೆ ಅವಧಿ ಇತ್ತು, ಸೂಚಿನ್ ಕಣ್ಣಾರೆ ನೋಡಿದ್ದಳು. ಪರದೆಯ ಕೆಳಗೆ ಓಡುವ ಗೆರೆ ಕೊನೆ ಮುಟ್ಟಿತ್ತು. ಹೊತ್ತು ತೋರಿಸುವ ಅಂಕಿ ಮಾತ್ರ ಏರುತ್ತಲೇ ಇತ್ತು. ಅಮ್ಮ ತಲೆಯಾಡಿಸಿದಳು. ಯಂತ್ರ ಚುಚ್ಚುತ್ತಿದೆಯೆಂಬಂತೆ ಎರಡೂ ಕಿವಿಗಳಿಂದ ಅದನ್ನು ಕಿತ್ತು ಮಡಿಲಿಗೆ ಹಾಕಿಕೊಂಡು, ಸಣ್ಣಗೆ ನಕ್ಕಳು.

"ಅಮ್ಮಾ, ಆಫ್ ಮಾಡ್ಲಾ?"

ಅಮ್ಮನಿಗೆ ಅವಳ ಮಾತು ಕೇಳಿಸಲಿಲ್ಲ. ಪರದೆಯತ್ತ ಬಾಗಿ, "ಹೂಂ, ಹೂಂ, ಆಮೇಲೆ?" ಎನ್ನುತ್ತಿದ್ದಳು.

ಸೂಚಿನ್ ಉಸಿರು ಹಿಡಿದು ಆಲಿಸಿದಳು. ಒಳ್ಳೆಯ ಕಿವಿ ಅವಳದು, ಏನೂ ಕೇಳಿಸಲಿಲ್ಲ. ನಿಲ್ಲಿಸಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಅಮ್ಮ ಬೇಡಿದ್ದು ದನಿ, ಅದು ಅವಳಿಗೆ ಸಿಕ್ಕಿತ್ತು. ಫೋನಿನ ಬ್ಯಾಟರಿ ಇಳಿದಿರುವುದು ಕಂಡು ಚಾರ್ಜರ್ ತಂದು ಸಿಕ್ಕಿಸಿ, ಸದ್ದಾಗದಂತೆ ಬಾಗಿಲ ಬಳಿ ಹೋಗಿ ನಿಂತಳು.